829ಕ್ಕೆ ನಿಂತ ಕನೆಕ್ಷನ್: ಬಾಗಿಲು ಹಾಕಿದ್ದು ಯಾರು?

ಪ್ರಶ್ನೆ: ನಮ್ಮದು ಆಫೀಸ್ ಕ್ಯಾಬ್‌ಗಳನ್ನು ಟ್ರ್ಯಾಕ್ ಮಾಡುವ ಸಣ್ಣ ಕಂಪನಿ, ಕೋರಮಂಗಲದಲ್ಲಿದೆ. ಹೋದ ವರ್ಷ 600 ಗಾಡಿ ಇದ್ದವು, ಈಗ 1,400 ಆಗಿವೆ. ಪ್ರತಿ ಗಾಡಿಯಲ್ಲೂ ಒಂದು ಜಿಪಿಎಸ್ ಡಿವೈಸ್ ಇದೆ. ಅದು ಎಂಕ್ಯೂಟಿಟಿ (ಡಿವೈಸ್‌ಗಳು ಸಣ್ಣ ಮೆಸೇಜ್ ಕಳಿಸುವ ಪದ್ಧತಿ) ಮೂಲಕ ನಮ್ಮ ರ‍್ಯಾಬಿಟ್‌ಎಂಕ್ಯೂ 3.8 ಸರ್ವರ್‌ಗೆ, ಅಂದರೆ ಮೆಸೇಜ್‌ಗಳನ್ನು ತಗೊಂಡು ಹಂಚುವ ಬ್ರೋಕರ್‌ಗೆ, ಕನೆಕ್ಟ್ ಆಗುತ್ತದೆ. ಬೆಳಗ್ಗೆ ಏಳೂವರೆ ದಾಟುತ್ತಿದ್ದಂತೆ ಹೊಸ ಡಿವೈಸ್‌ಗಳಿಗೆಲ್ಲ ಟೈಮ್‌ಔಟ್. ಡ್ಯಾಶ್‌ಬೋರ್ಡ್‌ನಲ್ಲಿ ಸಾಕೆಟ್ (ತೆರೆದ ಕನೆಕ್ಷನ್) ಲೆಕ್ಕ 829ಕ್ಕೆ ಹೋಗಿ ನಿಂತುಬಿಡುತ್ತದೆ. ಲಿನಕ್ಸ್‌ನ ಲಿಮಿಟ್ಸ್ ಫೈಲ್‌ನಲ್ಲಿ ತೆರೆದ ಫೈಲ್‌ಗಳ ಮಿತಿಯನ್ನು 65536 ಅಂತ ಹಾಕಿ ಸರ್ವರನ್ನೇ ರೀಬೂಟ್ ಮಾಡಿದೆವು. ಏನೂ ಬದಲಾಗಲಿಲ್ಲ. ಸಿಪಿಯು ಆರಾಮಾಗಿದೆ, 8 ಜಿಬಿ ಮೆಮೊರಿಯಲ್ಲಿ ಅರ್ಧವೂ ಖರ್ಚಾಗಿಲ್ಲ. ದೊಡ್ಡ ಮೆಷಿನ್ ತಗೊಳ್ಳಬೇಕಾ?

ಉತ್ತರ: ಬೇಡ. ಮೆಷಿನ್‌ಗೆ ದುಡ್ಡು ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಆ 829 ಅನ್ನೋ ಸಂಖ್ಯೆಯಲ್ಲಿ. ನೀವು ಅದನ್ನು ಗಮನಿಸಿ ಬರೆದಿದ್ದು ತುಂಬಾ ಒಳ್ಳೆಯದಾಯಿತು. ಎಷ್ಟೋ ಜನ "ಲೋಡ್ ಜಾಸ್ತಿಯಾದಾಗ ಸರ್ವರ್ ಕೈಕೊಡುತ್ತೆ" ಅಂತ ಮಾತ್ರ ಬರೆಯುತ್ತಾರೆ. ಅಷ್ಟರಿಂದ ಯಾರಿಗೂ ಏನೂ ಹೇಳಲು ಆಗುವುದಿಲ್ಲ. ನಿಜವಾದ ಲೋಡ್‌ನಿಂದ ಸುಸ್ತಾದ ಸರ್ವರ್ ಒಂದು ದಿನ 700ಕ್ಕೆ ನಿಲ್ಲುತ್ತದೆ, ಇನ್ನೊಂದು ದಿನ 1,100ಕ್ಕೆ. ದಿನಾ ಒಂದೇ ಸಂಖ್ಯೆಗೆ ನಿಂತರೆ ಅಲ್ಲಿ ಯಾರೋ ಗೆರೆ ಹಾಕಿದ್ದಾರೆ ಅಂತಲೇ ಅರ್ಥ.

ಆ ಗೆರೆ ಎಲ್ಲಿಂದ ಬಂತು ನೋಡೋಣ. ಲಿನಕ್ಸ್‌ನಲ್ಲಿ ತೆರೆದಿಟ್ಟ ಪ್ರತಿ ಫೈಲ್‌ಗೂ, ಪ್ರತಿ ನೆಟ್‌ವರ್ಕ್ ಕನೆಕ್ಷನ್‌ಗೂ ಒಂದೊಂದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ಗುರುತಿನ ಸಂಖ್ಯೆ, ಬೇಕು. ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಷ್ಟು ಡಿಸ್ಕ್ರಿಪ್ಟರ್ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ. ಯಾರೂ ಏನೂ ಬದಲಾಯಿಸದಿದ್ದರೆ ಅದು ಸಾಮಾನ್ಯವಾಗಿ 1024. ರ‍್ಯಾಬಿಟ್‌ಎಂಕ್ಯೂ 3.8 ಶುರುವಾಗುವಾಗ ಈ ಮಿತಿ ಎಷ್ಟು ಅಂತ ಕೇಳಿ ತಿಳಿದುಕೊಳ್ಳುತ್ತದೆ. ಅದರಲ್ಲಿ 100 ಅನ್ನು ತನ್ನ ಒಳಗಿನ ಕೆಲಸಕ್ಕೆ ಎತ್ತಿಡುತ್ತದೆ. ಉಳಿದಿದ್ದು 924. ಅದರ ನೂರಕ್ಕೆ ತೊಂಬತ್ತು ಭಾಗ ತೆಗೆದು ಎರಡು ಕಳೆದರೆ 829. ಅಷ್ಟೇ ಸಾಕೆಟ್ ಕೊಡುತ್ತೇನೆ ಅಂತ ಅದು ಮೊದಲೇ ತೀರ್ಮಾನ ಮಾಡಿರುತ್ತದೆ. ನಿಮ್ಮ ಲಾಗ್ ಫೈಲ್ ತೆರೆದು, ಸರ್ವರ್ ಶುರುವಾದ ಹೊತ್ತಿನ ಸಾಲುಗಳನ್ನು ಓದಿ. ಸುಮಾರು 924 ಫೈಲ್ ಹ್ಯಾಂಡಲ್ (ಡಿಸ್ಕ್ರಿಪ್ಟರ್‌ಗೇ ಇನ್ನೊಂದು ಹೆಸರು), 829 ಸಾಕೆಟ್‌ಗೆ ಮಿತಿ ಹಾಕಿದ್ದೇನೆ ಅನ್ನುವ ಒಂದು ಸಾಲು ಸಿಕ್ಕೇ ಸಿಗುತ್ತದೆ. ಬೆಳಗ್ಗೆ ಏಳೂವರೆಯ ಹೊತ್ತಿನ ಲಾಗ್ ಕೂಡ ನೋಡಿ. ಫೈಲ್ ಡಿಸ್ಕ್ರಿಪ್ಟರ್ ಮಿತಿಯ ಅಲಾರಂ ಬಂದಿರುತ್ತದೆ. ಸುತ್ತಲೂ ನಕ್ಷತ್ರದ ಗುರುತು ಹಾಕಿ, ಈ ಅಲಾರಂ ಹೋಗುವವರೆಗೆ ಹೊಸ ಕನೆಕ್ಷನ್ ತಗೊಳ್ಳುವುದಿಲ್ಲ ಅಂತ ದೊಡ್ಡದಾಗಿ ಬರೆದಿರುತ್ತದೆ.

ಹಾಗಾದರೆ ನೀವು ಹಾಕಿದ 65536 ಎಲ್ಲಿ ಹೋಯಿತು? ಇಲ್ಲಿ ಬಹಳ ಜನ ಎಡವುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ತಿದ್ದಿದ ಆ ಲಿಮಿಟ್ಸ್ ಫೈಲ್ ಅನ್ನು ಓದುವುದು ಪ್ಯಾಮ್. ಅಂದರೆ ಮನುಷ್ಯರು ಲಾಗಿನ್ ಆಗುವಾಗ ಕೆಲಸ ಮಾಡುವ ವ್ಯವಸ್ಥೆ. ನೀವು ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಮಿತಿ ತೋರಿಸುವ ಯುಲಿಮಿಟ್ ಕಮಾಂಡ್ ಹೊಡೆದು ನೋಡಿದರೆ 65536 ಅಂತಲೇ ತೋರಿಸುತ್ತದೆ. ಅದು ನಿಮ್ಮ ಶೆಲ್‌ನ ಮಿತಿ. ಆದರೆ ರ‍್ಯಾಬಿಟ್ ಲಾಗಿನ್ ಆಗಿ ಬರುವುದಿಲ್ಲ. ಅದನ್ನು ಎಬ್ಬಿಸುವುದು ಸಿಸ್ಟಮ್‌ಡಿ, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ವ್ಯವಸ್ಥೆ, ಮತ್ತು ಸಿಸ್ಟಮ್‌ಡಿ ಆ ಫೈಲ್ ಅನ್ನು ನೋಡುವುದೇ ಇಲ್ಲ. ಎಷ್ಟು ಸಲ ರೀಬೂಟ್ ಮಾಡಿದರೂ ರ‍್ಯಾಬಿಟ್‌ಗೆ ಸಿಗುವುದು ಅದೇ 1024. ಕೆಲವು ಪ್ಯಾಕೇಜ್‌ಗಳಲ್ಲಿ ಸರ್ವಿಸ್ ಫೈಲ್‌ನಲ್ಲೇ ದೊಡ್ಡ ಮಿತಿ ಬರೆದಿರುತ್ತದೆ. ನಿಮ್ಮದರಲ್ಲಿ ಇಲ್ಲ ಅನ್ನುವುದು 829ರಿಂದಲೇ ಗೊತ್ತಾಗುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ನೀವೇ ನೋಡಿ. ರ‍್ಯಾಬಿಟ್ ಓಡುವುದು ಎರ್ಲಾಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಅದರ ಪ್ರೋಸೆಸ್ ಹೆಸರು ಬೀಮ್.ಎಸ್‌ಎಂಪಿ. ಅದರ ನಂಬರ್ ಹುಡುಕಿ. ಆಮೇಲೆ ಪ್ರೋಕ್ ಫೋಲ್ಡರ್‌ನಲ್ಲಿ ಆ ನಂಬರಿನ ಒಳಗೆ ಹೋಗಿ ಲಿಮಿಟ್ಸ್ ಅನ್ನುವ ಫೈಲ್ ಓದಿ. "ಮ್ಯಾಕ್ಸ್ ಓಪನ್ ಫೈಲ್ಸ್" ಅಂತ ಒಂದು ಸಾಲಿದೆ. ಆ ಪ್ರೋಸೆಸ್‌ಗೆ ನಿಜವಾಗಿ ಎಷ್ಟು ಸಿಕ್ಕಿದೆ ಅನ್ನುವುದು ಅಲ್ಲಿದೆ. ಕಾನ್ಫಿಗ್ ಫೈಲ್‌ನಲ್ಲಿ ಏನು ಬರೆದಿದೆ ಅನ್ನುವುದು ನಮ್ಮ ಆಸೆ. ಪ್ರೋಕ್‌ನಲ್ಲಿ ಕಾಣುವುದು ವಾಸ್ತವ. ನಾನು ಯಾವ ಮಿತಿ ಬದಲಾಯಿಸಿದರೂ ಅಲ್ಲಿ ಹೋಗಿ ನೋಡದೆ ಮುಂದಕ್ಕೆ ಹೋಗುವುದಿಲ್ಲ.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ಸಿಸ್ಟಮ್‌ಸಿಟಿಎಲ್ ಎಡಿಟ್ ಕಮಾಂಡ್‌ನಿಂದ ರ‍್ಯಾಬಿಟ್ ಸರ್ವಿಸ್‌ಗೆ ಒಂದು ಓವರ್‌ರೈಡ್ ಫೈಲ್ ಮಾಡಿ. ಅದರ ಸರ್ವಿಸ್ ಭಾಗದಲ್ಲಿ ಲಿಮಿಟ್‌ನೋಫೈಲ್ ಅನ್ನು 65536 ಮಾಡಿ. ಡೀಮನ್ ರೀಲೋಡ್ ಮಾಡಿ, ರ‍್ಯಾಬಿಟ್ ರೀಸ್ಟಾರ್ಟ್ ಮಾಡಿ. ಮತ್ತೆ ಪ್ರೋಕ್‌ನಲ್ಲಿ ನೋಡಿ. ಓಡುತ್ತಿರುವ ಪ್ರೋಸೆಸ್‌ನ ಮಿತಿಯನ್ನು ಪಿಆರ್‌ಲಿಮಿಟ್ ಕಮಾಂಡ್‌ನಿಂದ ಏರಿಸಿದರೆ ಸಾಕಲ್ವಾ ಅಂತ ನಿಮ್ಮ ಟೀಮ್‌ನಲ್ಲಿ ಯಾರಾದರೂ ಕೇಳಬಹುದು. ಸಾಲದು. ರ‍್ಯಾಬಿಟ್ ತನ್ನ ಲೆಕ್ಕವನ್ನು ಶುರುವಿನಲ್ಲೇ ಹಾಕಿ ಮುಗಿಸಿರುತ್ತದೆ. ಲಿನಕ್ಸ್ ಮಿತಿ ಏರಿದರೂ ಅದು 829 ಹಿಡಿದುಕೊಂಡೇ ಕೂತಿರುತ್ತದೆ. ಡಾಕರ್‌ನಲ್ಲಿ ಓಡಿಸುತ್ತಿದ್ದರೆ ಮಿತಿಯನ್ನು ಕಂಟೇನರ್‌ಗೇ ಕೊಡಬೇಕು.

ಒಂದು ಎಚ್ಚರಿಕೆ. "ಯಾಕೆ ತಲೆನೋವು, ಇನ್ಫಿನಿಟಿ ಅಂತ ಹಾಕಿಬಿಡೋಣ" ಅನ್ನಬೇಡಿ. ಎರ್ಲಾಂಗ್ ಈ ಮಿತಿಯನ್ನು ನೋಡಿಕೊಂಡು ತನ್ನ ಒಳಗಿನ ಪೋರ್ಟ್ ಪಟ್ಟಿಗೆ (ಇದು ನೆಟ್‌ವರ್ಕ್ ಪೋರ್ಟ್ ಅಲ್ಲ) ಜಾಗ ಕಾದಿರಿಸುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಇನ್ಫಿನಿಟಿ ಅಂದರೆ ನೂರು ಕೋಟಿಗೂ ಮೇಲೆ. ಆಗ ಒಂದೂ ಕನೆಕ್ಷನ್ ಇಲ್ಲದ ಖಾಲಿ ಸರ್ವರ್ ಕೂಡ ಏಳುವಾಗಲೇ ಮೆಮೊರಿ ನುಂಗಿ ಕೂರುತ್ತದೆ. 1,400 ಡಿವೈಸ್‌ಗೆ 65536 ಧಾರಾಳವಾಯಿತು.

ಇಷ್ಟಕ್ಕೇ ನಿಮ್ಮ ಬೆಳಗಿನ ಟೈಮ್‌ಔಟ್ ನಿಲ್ಲುತ್ತದೆ. ಆದರೆ ಇಲ್ಲಿಗೇ ಉತ್ತರ ಮುಗಿಸಲು ನನಗೆ ಮನಸ್ಸಿಲ್ಲ. 600 ಗಾಡಿಯಿಂದ 1,400ಕ್ಕೆ ಬಂದಿದ್ದೀರಿ. ಮುಂದಿನ ಗೆರೆ ಬೇರೆ ಎಲ್ಲೋ ಇರುತ್ತದೆ. ಅದಕ್ಕೆ ತಗುಲಿಕೊಂಡಾಗ ಎಲ್ಲಿ ನೋಡಬೇಕು ಅನ್ನುವುದು ನಿಮಗೆ ಈಗಲೇ ಗೊತ್ತಿದ್ದರೆ ಒಳ್ಳೆಯದು.

ಮೊದಲು ಒಂದು ಪ್ರಶ್ನೆ. ನಿಮ್ಮ ಡಿವೈಸ್‌ಗಳಿಗೆ "ರಿಫ್ಯೂಸ್ಡ್" ಅಂತ ಬರದೆ ಟೈಮ್‌ಔಟ್ ಯಾಕೆ ಬಂತು? ನಮ್ಮ ದರ್ಶಿನಿಗಳನ್ನು ನೆನಪಿಸಿಕೊಳ್ಳಿ. ಕ್ಯಾಶ್ ಕೌಂಟರ್‌ನಲ್ಲಿ ದುಡ್ಡು ಕೊಟ್ಟ ತಕ್ಷಣ ಟೋಕನ್ ಸಿಗುತ್ತದೆ. ಆ ಟೋಕನ್ ಹಿಡಿದು ದೋಸೆ ಕೌಂಟರ್ ಮುಂದೆ ನಿಂತರೆ ಅಲ್ಲಿ ಯಾರೂ ಕೈಚಾಚುವುದಿಲ್ಲ ಅಂದುಕೊಳ್ಳಿ. ಟಿಸಿಪಿ, ಅಂದರೆ ನೆಟ್‌ವರ್ಕ್‌ನ ಕೆಳಗಿನ ಮಟ್ಟದಲ್ಲಿ ಕನೆಕ್ಷನ್ ಆಗಿದೆ, ಅದು ಟೋಕನ್. ಆದರೆ ಬ್ರೋಕರ್ "ಸಾಕೆಟ್ ಖಾಲಿಯಾದ ಮೇಲೆ ಮಾತಾಡೋಣ" ಅಂತ ಸುಮ್ಮನಿದೆ. ಡಿವೈಸ್ ತನ್ನ ಮೊದಲ ಮಾತು ಹೇಳಿ, ಉತ್ತರಕ್ಕೆ ಕಾದು ಕಾದು, ಕೊನೆಗೆ ಟೈಮ್‌ಔಟ್ ಅಂತ ಹೊರಟುಹೋಗುತ್ತದೆ. ರಿಫ್ಯೂಸ್ಡ್ ಅಂತ ತಕ್ಷಣ ಬಂದರೆ ಕಥೆಯೇ ಬೇರೆ. ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ, ಬಹುಶಃ ಬ್ರೋಕರ್ ಬಿದ್ದಿದೆ. ಟಿಸಿಪಿ ಮಟ್ಟದಲ್ಲೇ ಸದ್ದಿಲ್ಲದಿದ್ದರೆ ಫೈರ್‌ವಾಲ್ ಕಡೆ, ಇಲ್ಲವೇ ಕಾನ್‌ಟ್ರ್ಯಾಕ್ ಕಡೆ ನೋಡಬೇಕು. ಕಾನ್‌ಟ್ರ್ಯಾಕ್ ಅಂದರೆ ಲಿನಕ್ಸ್ ಕರ್ನೆಲ್ ಕನೆಕ್ಷನ್‌ಗಳನ್ನು ಬರೆದಿಡುವ ಪಟ್ಟಿ, ಅದು ತುಂಬಿದರೆ ಅದು ಹೊಸ ಪ್ಯಾಕೆಟ್‌ಗಳನ್ನು ಎಸೆಯುತ್ತದೆ. ಕರ್ನೆಲ್ ಲಾಗ್ ತೋರಿಸುವ ಡಿಮೆಸೆಜ್‌ನಲ್ಲಿ "ಟೇಬಲ್ ಫುಲ್" ಅಂತ ಬಂದಿರುತ್ತದೆ. ಬ್ರೋಕರ್ ಲಾಗ್‌ನಲ್ಲಿ ಮಾತ್ರ ಇದರ ಸುಳಿವೇ ಇರುವುದಿಲ್ಲ. ಕನೆಕ್ಟ್ ಆಗಿದೆ, ಆದರೆ ಕಳಿಸಿದ ಮೆಸೇಜ್ ಮುಂದಕ್ಕೆ ಹೋಗುತ್ತಿಲ್ಲ ಅನ್ನುವುದು ಇನ್ನೊಂದು ಬಗೆ. ಅದು ಮೆಮೊರಿ ಅಥವಾ ಡಿಸ್ಕ್ ಅಲಾರಂ. 3.8ರಲ್ಲಿ ಮೆಮೊರಿಯ ನೂರಕ್ಕೆ ನಲವತ್ತು ಭಾಗ ದಾಟಿದರೆ ಮೆಸೇಜ್ ಕಳಿಸುವವರನ್ನೆಲ್ಲ ರ‍್ಯಾಬಿಟ್ ತಡೆದು ನಿಲ್ಲಿಸುತ್ತದೆ. ನಿಮ್ಮ 8 ಜಿಬಿಯಲ್ಲಿ ಅದು 3.2 ಜಿಬಿ. ಹಾಗಾಗಿ "ಅರ್ಧವೂ ಖರ್ಚಾಗಿಲ್ಲ" ಅಂತ ನೆಮ್ಮದಿಯಾಗಿ ಇರಬೇಡಿ. ಅರ್ಧ ತಲುಪುವ ಮುಂಚೆಯೇ ಗೆರೆ ಇದೆ.

ನಿಂತ ಸಂಖ್ಯೆಯೇ ಸುಳಿವು ಅಂದೆ. ಇದು ರ‍್ಯಾಬಿಟ್‌ಗೆ ಮಾತ್ರ ಅಲ್ಲ. ಆಕ್ಟಿವ್‌ಎಂಕ್ಯೂ ಅನ್ನುವ ಇನ್ನೊಂದು ಬ್ರೋಕರ್ ಇಟ್ಟುಕೊಂಡವರಿಗೆ ಕನೆಕ್ಷನ್ 1000ಕ್ಕೆ ನಿಂತರೆ, ಜೊತೆಗೆ ಬಂದ ಕಾನ್ಫಿಗ್ ಫೈಲ್‌ನಲ್ಲಿ ಪ್ರತಿ ಕನೆಕ್ಟರ್‌ಗೂ ಮ್ಯಾಕ್ಸಿಮಮ್ ಕನೆಕ್ಷನ್ಸ್ 1000 ಅಂತ ಬರೆದಿರುವುದನ್ನು ನೋಡಬೇಕು. ಮಧ್ಯದಲ್ಲಿ ಎಚ್‌ಎ ಪ್ರಾಕ್ಸಿ ಥರದ ಪ್ರಾಕ್ಸಿ (ನಡುವೆ ನಿಂತು ಕನೆಕ್ಷನ್ ದಾಟಿಸುವ ಪ್ರೋಗ್ರಾಂ) ಇಟ್ಟು, ಕನೆಕ್ಷನ್ 28,000ದ ಸುಮಾರಿಗೆ ನಿಂತರೆ ಅದು ಬ್ರೋಕರ್ ತಪ್ಪಲ್ಲ. ಪ್ರಾಕ್ಸಿ ಪ್ರತಿ ಕನೆಕ್ಷನ್‌ಗೂ ತನ್ನ ಕಡೆಯಿಂದ ಒಂದು ಪೋರ್ಟ್ ತೆಗೆಯಬೇಕು. ಲಿನಕ್ಸ್ ಅದಕ್ಕೆ ಕೊಡುವುದು 32768ರಿಂದ 60999ರವರೆಗೆ, ಅಂದರೆ 28,232 ಪೋರ್ಟ್. ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ನ್ಯಾಟ್ ಗೇಟ್‌ವೇ (ಒಳಗಿನ ಮೆಷಿನ್‌ಗಳನ್ನು ಹಂಚಿಕೊಂಡ ಐಪಿಯಿಂದ ಹೊರಗೆ ಬಿಡುವ ಬಾಗಿಲು) ಹಿಂದಿನಿಂದ ಹೋಗುತ್ತಿದ್ದರೆ ಒಂದು ಐಪಿಯಿಂದ ಒಂದೇ ಗುರಿಗೆ 55,000 ಕನೆಕ್ಷನ್‌ನ ಮಿತಿ. ಸರ್ವರ್ ಕಡೆ 65,535 ಪೋರ್ಟ್ ಮಾತ್ರ ಇವೆ, ಅದಕ್ಕಿಂತ ಜಾಸ್ತಿ ಕನೆಕ್ಷನ್ ಆಗಲ್ಲ ಅಂತ ಇಂಟರ್‌ವ್ಯೂಗಳಲ್ಲಿ ಕೂಡ ಹೇಳುವವರಿದ್ದಾರೆ. ತಪ್ಪು. ಸರ್ವರ್ ಎಲ್ಲ ಕನೆಕ್ಷನ್ ಅನ್ನೂ ಒಂದೇ ಪೋರ್ಟ್‌ನಲ್ಲಿ ತಗೊಳ್ಳುತ್ತದೆ. ಎದುರಿನ ಐಪಿ, ಎದುರಿನ ಪೋರ್ಟ್ ಬೇರೆಯಾಗಿದ್ದರೆ ಅದು ಬೇರೆ ಕನೆಕ್ಷನ್. ಎರ್ಲಾಂಗ್ ಹುಟ್ಟಿದ್ದೇ ಎರಿಕ್ಸನ್ ಕಂಪನಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ. ಸಾವಿರಾರು ಕರೆಗಳನ್ನು ಒಟ್ಟಿಗೆ ಹಿಡಿದಿಡುವುದು ಅದರ ಕಸುಬು. 2012ರಲ್ಲೇ ವಾಟ್ಸಾಪ್‌ನವರು ಎರ್ಲಾಂಗ್ ಮೇಲೆ ಒಂದು ಸರ್ವರ್‌ನಲ್ಲಿ 20 ಲಕ್ಷ ಕನೆಕ್ಷನ್ ಹಿಡಿದು ತೋರಿಸಿದ್ದರು. ನಿಮ್ಮ 1,400 ಅದಕ್ಕೆ ಲೆಕ್ಕಕ್ಕೇ ಇಲ್ಲ.

ಈಗ ಎರಡನೇ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಕಾಳಜಿ ಇರುವುದು ಇದರಲ್ಲೇ. ಆ 829 ಕನೆಕ್ಷನ್ ಯಾರವು? ಎಲ್ಲವೂ ಗಾಡಿಗಳದ್ದೇ ಅಂತ ನೀವು ಅಂದುಕೊಂಡಿದ್ದೀರಿ. ಇರಬಹುದು. ಆದರೆ ಒಂದು ಸಲ ಎಣಿಸಿ. ರ‍್ಯಾಬಿಟ್‌ನ ಕನೆಕ್ಷನ್ ಪಟ್ಟಿ ತೆಗೆದು, ಯಾವ ಐಪಿಯಿಂದ ಎಷ್ಟು, ಯಾವ ಯೂಸರ್ ಹೆಸರಲ್ಲಿ ಎಷ್ಟು ಅಂತ ಗುಂಪು ಮಾಡಿ. ನಾನು ನೋಡಿದ ಹೆಚ್ಚಿನ ಕಡೆ ಮೊದಲ ಆಶ್ಚರ್ಯ ಕಾದಿರುವುದು ಇಲ್ಲೇ. ಹೊರಗಿನ ಡಿವೈಸ್‌ಗಳದ್ದು ಒಂದೊಂದೇ ಕನೆಕ್ಷನ್ ಇರುತ್ತದೆ. ನಮ್ಮದೇ ಬ್ಯಾಕೆಂಡ್ ಮೆಷಿನ್ ಒಂದರಿಂದ ಮುನ್ನೂರು ಇರುತ್ತವೆ.

ಯಾಕೆ ಹೀಗಾಗುತ್ತದೆ? ಯಾರೋ ಪೈಥಾನ್‌ನಲ್ಲಿ ಒಂದು ಫಂಕ್ಷನ್ ಬರೆದಿರುತ್ತಾರೆ. ಕನೆಕ್ಟ್ ಆಗು, ಮೆಸೇಜ್ ಕಳಿಸು, ಮುಚ್ಚು. ಟೆಸ್ಟ್ ಮಾಡುವಾಗ ಚೆನ್ನಾಗಿಯೇ ಇರುತ್ತದೆ. ಲೋಡ್ ಏರಿದಾಗ ಪ್ರತಿ ಮೆಸೇಜ್‌ಗೂ ಒಂದು ಹೊಸ ಕನೆಕ್ಷನ್. ಬ್ಯಾಕೆಂಡ್ ಬ್ರೋಕರ್ ಜೊತೆ ಮಾತಾಡುವ ಪದ್ಧತಿಯಾದ ಎಎಂಕ್ಯೂಪಿಯಲ್ಲಿ ಕನೆಕ್ಷನ್ ಅಂದರೆ ಸುಮ್ನೆ ಬಾಗಿಲು ತಟ್ಟಿ ಒಳಗೆ ಹೋಗುವುದಲ್ಲ. ಟಿಸಿಪಿ ಆದ ಮೇಲೆ ಸ್ಟಾರ್ಟ್, ಸ್ಟಾರ್ಟ್ ಓಕೆ, ಟ್ಯೂನ್, ಟ್ಯೂನ್ ಓಕೆ, ಓಪನ್, ಓಪನ್ ಓಕೆ ಅಂತ ಆರು ಮಾತು ಆಗಬೇಕು. ಆಮೇಲೆ ಚಾನೆಲ್, ಅಂದರೆ ಆ ಕನೆಕ್ಷನ್ ಒಳಗೆ ಮಾತಾಡುವ ದಾರಿ, ತೆರೆಯಬೇಕು. ಟಿಎಲ್‌ಎಸ್ (ಮಾತನ್ನು ಗುಟ್ಟಾಗಿಡುವ ಎನ್‌ಕ್ರಿಪ್ಶನ್) ಇದ್ದರೆ ಅದರ ಖರ್ಚು ಬೇರೆ. ಇಷ್ಟೆಲ್ಲ ಮಾಡಿ ಕಳಿಸುವುದು "ಗಾಡಿ ಇಲ್ಲಿದೆ" ಅನ್ನುವ ನೂರು ಬೈಟ್ ಮೆಸೇಜ್. ಮುಚ್ಚುವ ಸಾಲಿನ ಮುಂಚೆ ಎಲ್ಲಾದರೂ ಎರರ್ ಬಂದು ಫಂಕ್ಷನ್ ಹೊರಗೆ ಹಾರಿದರೆ ಆ ಕನೆಕ್ಷನ್ ಮುಚ್ಚದೆ ಹಾಗೇ ಉಳಿದುಬಿಡಬಹುದು. ಸಣ್ಣಗೆ ನಲ್ಲಿ ಸೋರಿದ ಹಾಗೆ ದಿನವಿಡೀ ಏರುತ್ತಾ ಹೋಗುತ್ತದೆ. ಗ್ರಾಫ್‌ನಲ್ಲಿ ಸಂಜೆಯ ಸಂಖ್ಯೆ ಬೆಳಗಿನದಕ್ಕಿಂತ ದಿನಾ ಜಾಸ್ತಿ ಇದ್ದು, ರೀಸ್ಟಾರ್ಟ್ ಮಾಡಿದರೆ ಮಾತ್ರ ಇಳಿಯುತ್ತದೆ ಅಂದರೆ ಸೋರಿಕೆ ಇದೆ.

ಇದಕ್ಕೆ ಮದ್ದು ಸರಳ. ಒಂದು ಪ್ರೋಸೆಸ್‌ಗೆ ಒಂದು ಕನೆಕ್ಷನ್, ಅದು ಶುರುವಾದಾಗ ತೆರೆದು ಕೊನೆಯವರೆಗೂ ಇಟ್ಟುಕೊಳ್ಳುವುದು. ಒಳಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಚಾನೆಲ್. ಪೈಥಾನ್‌ನ ಪೀಕಾ ಲೈಬ್ರರಿ ಬಳಸುತ್ತಿದ್ದರೆ ಒಂದು ಕನೆಕ್ಷನ್ ಅನ್ನು ಹಲವು ಥ್ರೆಡ್‌ಗಳ ಮಧ್ಯೆ ಹಂಚಬೇಡಿ, ಪ್ರತಿ ಥ್ರೆಡ್‌ಗೆ ಒಂದಿರಲಿ. ವರ್ಕರ್‌ಗಳು ಫೋರ್ಕ್ ಆಗುವ (ಒಂದು ಪ್ರೋಸೆಸ್ ಎರಡಾಗುವ) ಕಡೆ, ಫೋರ್ಕ್ ಆದ ಮೇಲೆ ಕನೆಕ್ಷನ್ ತೆರೆಯಿರಿ.

ಇನ್ನು ಗಾಡಿಗಳ ಕಡೆ. ಇಲ್ಲಿ ಬೆಂಗಳೂರಿಗೆ ತನ್ನದೇ ಒಂದು ತೊಂದರೆ ಇದೆ. ನಿಮ್ಮ ಕ್ಯಾಬ್ ಟೆಕ್ ಪಾರ್ಕ್ ಒಂದರ ಬೇಸ್‌ಮೆಂಟ್‌ಗೆ ಇಳಿಯುತ್ತದೆ ಅಂದುಕೊಳ್ಳಿ. ಎರಡನೇ ಲೆವೆಲ್‌ಗೆ ಹೋಗುವಷ್ಟರಲ್ಲಿ ಸಿಗ್ನಲ್ ಸತ್ತಿರುತ್ತದೆ. ಡಿವೈಸ್‌ಗೆ "ಹೋಗಿ ಬರ್ತೀನಿ" ಅಂತ ಹೇಳಲು ಅವಕಾಶವೇ ಇಲ್ಲ. ಸರ್ವರ್ ಕಡೆ ಆ ಕನೆಕ್ಷನ್ ಇನ್ನೂ ಜೀವಂತ. ಇಪ್ಪತ್ತು ನಿಮಿಷ ಬಿಟ್ಟು ಗಾಡಿ ಮೇಲೆ ಬಂದಾಗ ಡಿವೈಸ್ ಹೊಸ ಐಪಿಯಿಂದ ಹೊಸದಾಗಿ ಕನೆಕ್ಟ್ ಆಗುತ್ತದೆ. ಈಗ ಒಂದು ಗಾಡಿಗೆ ಎರಡು ಕನೆಕ್ಷನ್. ಒಂದು ನಿಜ, ಒಂದು ಹೆಣ. ಬೆಳಗ್ಗೆ ಏಳೂವರೆಯಿಂದ ಹತ್ತರವರೆಗೆ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಥ ಎಷ್ಟು ಬೇಸ್‌ಮೆಂಟ್‌ಗೆ ನಿಮ್ಮ ಗಾಡಿಗಳು ಇಳಿಯುತ್ತವೆ, ಲೆಕ್ಕ ಹಾಕಿ.

ಆ ಹೆಣ ಯಾವಾಗ ಹೋಗುತ್ತದೆ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಒಂದು, ಕೀಪ್‌ಅಲೈವ್. ಎಂಕ್ಯೂಟಿಟಿಯಲ್ಲಿ ಡಿವೈಸ್ ತಾನು ಎಷ್ಟು ಸೆಕೆಂಡ್‌ಗೊಮ್ಮೆ ಮಾತಾಡುತ್ತೇನೆ ಅಂತ ಮೊದಲೇ ಹೇಳುತ್ತದೆ. ಅದರ ಒಂದೂವರೆ ಪಟ್ಟು ಹೊತ್ತು ಸದ್ದಿಲ್ಲದಿದ್ದರೆ ಬ್ರೋಕರ್ ಕನೆಕ್ಷನ್ ಕಡಿಯುತ್ತದೆ. 60 ಅಂತ ಇದ್ದರೆ 90 ಸೆಕೆಂಡ್‌ನಲ್ಲಿ ಹೆಣ ಹೋಗುತ್ತದೆ. ಆದರೆ ಬ್ಯಾಟರಿ, ಡೇಟಾ ಉಳಿಸಲು ಫರ್ಮ್‌ವೇರ್ (ಡಿವೈಸ್ ಒಳಗಿನ ಸಾಫ್ಟ್‌ವೇರ್) ಬರೆದವರು ಅದನ್ನು 0 ಮಾಡಿದ್ದರೆ ಆ ಕಾವಲೇ ಇಲ್ಲ. ಆಗ ಉಳಿದಿರುವುದು ಟಿಸಿಪಿ ಮಟ್ಟದ ಕೀಪ್‌ಅಲೈವ್, ಅದೂ ಆನ್ ಆಗಿದ್ದರೆ. ಲಿನಕ್ಸ್‌ನಲ್ಲಿ ಅದು ಮೊದಲ ಸಲ ವಿಚಾರಿಸಲು ಕಾಯುವುದು 7200 ಸೆಕೆಂಡ್. ಆಮೇಲೆ 75 ಸೆಕೆಂಡ್‌ಗೊಮ್ಮೆ ಒಂಬತ್ತು ಸಲ ಕರೆದು ನೋಡುತ್ತದೆ. ಅಂದರೆ ಎರಡು ಗಂಟೆ ಹನ್ನೊಂದು ನಿಮಿಷ. ಬೆಳಗಿನ ರಶ್ ಬಹುಪಾಲು ಮುಗಿದಿರುತ್ತದೆ, ಹೆಣ ಅಲ್ಲೇ ಇರುತ್ತದೆ. ನಿಮ್ಮ ಡಿವೈಸ್‌ಗಳಲ್ಲಿ 60ರಿಂದ 120ರ ಮಧ್ಯೆ ಇಡಿ. ಗಾಡಿಯ ಬ್ಯಾಟರಿಯಿಂದಲೇ ಓಡುವ ಡಿವೈಸ್‌ಗೆ ಇದು ಭಾರವಲ್ಲ.

ಎರಡನೆಯದು ಕ್ಲೈಂಟ್ ಐಡಿ. ಅದೇ ಐಡಿ ಹಿಡಿದು ಹೊಸ ಕನೆಕ್ಷನ್ ಬಂದರೆ ಬ್ರೋಕರ್ ಹಳೆಯದನ್ನು ತಕ್ಷಣ ಕಿತ್ತುಹಾಕಬೇಕು ಅನ್ನುವುದು ಎಂಕ್ಯೂಟಿಟಿಯ ನಿಯಮ. ಹಾಗಾಗಿ ಡಿವೈಸ್ ತನ್ನ ಐಎಂಇಐ ಥರದ ಬದಲಾಗದ ಸಂಖ್ಯೆಯನ್ನೇ ಐಡಿ ಮಾಡಿಕೊಂಡಿದ್ದರೆ ಬೇಸ್‌ಮೆಂಟ್‌ನಿಂದ ಮೇಲೆ ಬಂದ ಕೂಡಲೇ ಹಳೇ ಹೆಣ ತಾನಾಗಿ ಹೋಗುತ್ತದೆ. ಪ್ರತಿ ಸಲ ರ‍್ಯಾಂಡಮ್ ಐಡಿ ಮಾಡಿಕೊಂಡು ಬಂದರೆ ಬ್ರೋಕರ್‌ಗೆ ಇಬ್ಬರೂ ಬೇರೆ ಬೇರೆ. ನಿಮ್ಮ ಪಟ್ಟಿಯಲ್ಲಿ ಐಡಿಗಳನ್ನು ಓದಿ ನೋಡಿ. ಉದ್ದುದ್ದ ಅರ್ಥವಿಲ್ಲದ ಅಕ್ಷರಗಳಿದ್ದರೆ ಡಿವೈಸ್ ಮಾರಿದವರಿಗೆ ಇವತ್ತೇ ಫೋನ್ ಮಾಡಿ.

ಇದರ ಉಲ್ಟಾ ಕೂಡ ಆಗುತ್ತದೆ. ನಾನೇ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಕಡೆ ಒಂದು ರಾತ್ರಿ ಕನೆಕ್ಷನ್ ಸಂಖ್ಯೆ ಸಹಜವಾಗಿಯೇ ಇತ್ತು. ಆದರೆ ಲಾಗ್ ಮಾತ್ರ ಮಳೆ ಸುರಿದ ಹಾಗೆ ಹರಿಯುತ್ತಿತ್ತು. ಕನೆಕ್ಟ್, ಡಿಸ್ಕನೆಕ್ಟ್, ಕನೆಕ್ಟ್, ಡಿಸ್ಕನೆಕ್ಟ್. ಎಲ್ಲ ಮಿತಿಗಳನ್ನೂ ಏರಿಸಿದೆವು. ನೆಟ್‌ವರ್ಕ್‌ನವರನ್ನು ಎಬ್ಬಿಸಿದೆವು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಜೊತೆಗಿದ್ದ ಹುಡುಗಿ ಲಾಗ್‌ನಿಂದ ಐಡಿಗಳನ್ನು ಮಾತ್ರ ತೆಗೆದು ಎಣಿಸಿದಳು. ಸಾವಿರಾರು ಸಾಲಿನಲ್ಲಿ ಬೇರೆ ಬೇರೆ ಐಡಿ ಇದ್ದಿದ್ದು ಎಂಟೇ ಎಂಟು. ಒಂದು ಡಿವೈಸ್‌ನ ಮೆಮೊರಿಯನ್ನು ಇದ್ದ ಹಾಗೆ ಕಾಪಿ ಮಾಡಿ ಬೇರೆ ಡಿವೈಸ್‌ಗಳಿಗೆ ಹಾಕಿದ್ದರು, ಐಡಿ ಸಮೇತ. ಒಂದೇ ಐಡಿಯ ಎರಡು ಡಿವೈಸ್ ಒಂದನ್ನೊಂದು ಕಿತ್ತುಹಾಕುತ್ತಾ ರಾತ್ರಿಯಿಡೀ ಜಗಳವಾಡುತ್ತಿದ್ದವು. ಅವತ್ತಿನಿಂದ ಯಾವ ಕನೆಕ್ಷನ್ ತೊಂದರೆ ಬಂದರೂ ನಾನು ಮೊದಲು ಎಣಿಸುತ್ತೇನೆ, ಆಮೇಲೆ ಮಿತಿ ಮುಟ್ಟುತ್ತೇನೆ.

ರೀಸ್ಟಾರ್ಟ್ ಬಗ್ಗೆಯೂ ಹೇಳಬೇಕು. ಯಾಕೆಂದರೆ ಮೇಲಿನ ಬದಲಾವಣೆಗೆ ನೀವು ರೀಸ್ಟಾರ್ಟ್ ಮಾಡಲೇಬೇಕು. ಬ್ರೋಕರ್ ಬಿದ್ದು ಎದ್ದ ಕೂಡಲೇ ಅಷ್ಟೂ ಡಿವೈಸ್‌ಗಳು ಒಟ್ಟಿಗೆ ನುಗ್ಗುತ್ತವೆ. ಪ್ರತಿಯೊಂದೂ ಒಂದು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವ ಹಾಗೆ ಬರೆದಿದ್ದರೆ, ಸೆಕೆಂಡ್‌ಗೆ 1,400 ಬಾಗಿಲು ಬಡಿತ. ಸಿಗದವರು ಮುಂದಿನ ಸೆಕೆಂಡ್‌ಗೆ ಮತ್ತೆ ಬರುತ್ತಾರೆ. ಟಿಎಲ್‌ಎಸ್ ಇದ್ದರೆ ಆರಾಮಾಗಿದ್ದ ಸಿಪಿಯು ಆಗ ಮಾತ್ರ ನೂರು ಮುಟ್ಟುತ್ತದೆ. ಪ್ರತಿ ಡಿವೈಸ್ 0ಯಿಂದ 60 ಸೆಕೆಂಡ್ ಒಳಗೆ ಯಾವುದಾದರೂ ಒಂದು ಹೊತ್ತು ಕಾದು ಬಂದರೆ ಅದೇ ಗುಂಪು ಸೆಕೆಂಡ್‌ಗೆ 23ರ ಹಾಗೆ ಹರಿದು ಬರುತ್ತದೆ. ಸಿಗದಿದ್ದರೆ ಕಾಯುವ ಹೊತ್ತು ದುಪ್ಪಟ್ಟಾಗುತ್ತಾ ಹೋಗಲಿ. ಫರ್ಮ್‌ವೇರ್‌ನಲ್ಲಿ ಇದು ನಾಲ್ಕೈದು ಸಾಲು. ನೀವು ಮಾಡಬಹುದಾದ ಬದಲಾವಣೆಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಸರ್ವರ್ ಕಡೆ ಈ ನೂಕುನುಗ್ಗಲಿಗೆ ಕ್ಯೂ ನಿಲ್ಲಲು ಜಾಗವೂ ಬೇಕು. ಅದೇ ಬ್ಯಾಕ್‌ಲಾಗ್. ರ‍್ಯಾಬಿಟ್‌ನಲ್ಲಿ ಅದು ಸುಮ್ಮನೆ ಬಿಟ್ಟರೆ 128. ಅದನ್ನು 4096 ಮಾಡಿದರೂ ಕರ್ನೆಲ್‌ನ ಸೋಮ್ಯಾಕ್ಸ್‌ಕಾನ್ ಅನ್ನುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ ಇರುವುದೇ ಲೆಕ್ಕ. ಲಿನಕ್ಸ್ 5.4ಕ್ಕಿಂತ ಹಳೆಯದರಲ್ಲಿ ಅದೂ 128, ಆಮೇಲಿನವುಗಳಲ್ಲಿ 4096. ಎರಡನ್ನೂ ನೋಡಿ ಏರಿಸಿ. ಎಂಕ್ಯೂಟಿಟಿ ಪ್ಲಗಿನ್‌ಗೆ ತನ್ನದೇ ಬೇರೆ ಸೆಟ್ಟಿಂಗ್ ಇದೆ, ಅದನ್ನು ಮರೆಯಬೇಡಿ. ಎನ್‌ಸ್ಟ್ಯಾಟ್ ಕಮಾಂಡ್‌ನಲ್ಲಿ ಲಿಸನ್ ಓವರ್‌ಫ್ಲೋಸ್ ಅನ್ನುವ ಲೆಕ್ಕ ಏರುತ್ತಿದ್ದರೆ ಕ್ಯೂ ಸಾಲದೆ ಜನ ವಾಪಸ್ ಹೋಗುತ್ತಿದ್ದಾರೆ ಅಂತ ಅರ್ಥ.

ಮೆಮೊರಿಯ ಮಾತು ಎತ್ತಿದ್ದಿರಿ. ಒಂದು ಕನೆಕ್ಷನ್‌ಗೆ ಸುಮಾರು 100 ಕೆಬಿ ಅಂತ ಇಟ್ಟುಕೊಳ್ಳಿ, ಟಿಎಲ್‌ಎಸ್ ಇದ್ದರೆ ಇನ್ನೂ ಜಾಸ್ತಿ. 3,000 ಕನೆಕ್ಷನ್‌ಗೆ 300 ಎಂಬಿ. 3.2 ಜಿಬಿ ಗೆರೆಯಿಂದ ದೂರ ಇದ್ದೀರಿ. ಬೇಕಾದರೆ ಕಳಿಸುವ, ತಗೊಳ್ಳುವ ಟಿಸಿಪಿ ಬಫರ್‌ಗಳನ್ನು 32 ಕೆಬಿಗೆ ಇಳಿಸಬಹುದು. ನಿಮ್ಮ ಮೆಸೇಜ್‌ಗಳು ಅಷ್ಟು ಸಣ್ಣವು.

ಎಲ್ಲ ತೆರೆದ ಮೇಲೆ ಒಂದು ಕಡೆ ನೀವೇ ಗೆರೆ ಹಾಕಿ. ಬ್ಯಾಕೆಂಡ್‌ಗೂ ಡಿವೈಸ್‌ಗಳಿಗೂ ಬೇರೆ ಬೇರೆ ಯೂಸರ್ ಇರಲಿ. 3.8.10ರಿಂದ ಮೇಲೆ ಪ್ರತಿ ಯೂಸರ್‌ಗೂ ಕನೆಕ್ಷನ್ ಮಿತಿ ಇಡಬಹುದು. ಬ್ಯಾಕೆಂಡ್ ಯೂಸರ್‌ಗೆ ಎಣಿಸಿದ್ದಕ್ಕಿಂತ ಸ್ವಲ್ಪ ಮೇಲೆ, 60 ಅಂತಲೋ ಏನೋ ಇಡಿ. ನಾಳೆ ಯಾರೋ ಮತ್ತೆ ಪ್ರತಿ ಮೆಸೇಜ್‌ಗೂ ಕನೆಕ್ಷನ್ ತೆರೆಯುವ ಕೋಡ್ ಹಾಕಿದರೆ ಅದು ತನ್ನ 60ರೊಳಗೇ ಒದ್ದಾಡುತ್ತದೆ. ರಸ್ತೆಯಲ್ಲಿರುವ ಗಾಡಿಗಳ ಪಾಲು ತಿನ್ನುವುದಿಲ್ಲ. ಬೆಳಗಿನ ಜಾವ ಒಬ್ಬಳೇ ಕ್ಯಾಬ್‌ನಲ್ಲಿ ಕೂತು ಹೋಗುವ ಹೆಣ್ಣುಮಗಳ ಗಾಡಿ ಮ್ಯಾಪ್‌ನಲ್ಲಿ ಕಾಣದೆ ಹೋದರೆ ಅದು ಬರೀ ಸರ್ವರ್ ತೊಂದರೆ ಅಲ್ಲ, ಅಲ್ವಾ? ಆದ್ದರಿಂದ ಡಿವೈಸ್‌ಗಳ ಪಾಲನ್ನು ಕಾಯುವುದು ಮೊದಲ ಕೆಲಸ ಅಂತ ಇಟ್ಟುಕೊಳ್ಳಿ.

ವರ್ಷನ್ ಬಗ್ಗೆ ಒಂದು ಮಾತು. 3.8ಕ್ಕೆ ಬೆಂಬಲ ನಿಂತು ಬಹಳ ದಿನ ಆಯಿತು. 3.11ರವರೆಗೆ ಪ್ರತಿ ಎಂಕ್ಯೂಟಿಟಿ ಕನೆಕ್ಷನ್ ಒಳಗಡೆ ಎಎಂಕ್ಯೂಪಿ ಆಗಿ ಬದಲಾಗಿ ಹೋಗುತ್ತಿತ್ತು. 2023ರಲ್ಲಿ ಬಂದ 3.12ರಲ್ಲಿ ಎಂಕ್ಯೂಟಿಟಿಯನ್ನು ನೇರವಾಗಿ ನಿಭಾಯಿಸುವ ಹಾಗೆ ಹೊಸದಾಗಿ ಬರೆದರು, ಮೆಮೊರಿ ಖರ್ಚು ತುಂಬಾ ಇಳಿಯಿತು. ಮುಂದಿನ ವರ್ಷ ಗಾಡಿಗಳು ಇನ್ನೂ ಏರುವುದಾದರೆ ದೊಡ್ಡ ಮೆಷಿನ್‌ಗಿಂತ ಇದು ಒಳ್ಳೆಯ ದಾರಿ. ಆದರೆ ಇವತ್ತಿನ ಬದಲಾವಣೆ ಜೊತೆ ಇದನ್ನು ಸೇರಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ರೀಸ್ಟಾರ್ಟ್‌ಗೆ ಹೊತ್ತು ಯಾವುದು? ರಾತ್ರಿ ಎರಡು ಗಂಟೆ ಅಂತ ಬೇರೆ ಊರಿನವರು ಹೇಳಬಹುದು. ಬೆಂಗಳೂರಿನ ಆಫೀಸ್ ಕ್ಯಾಬ್‌ಗೆ ಅದು ನೈಟ್ ಶಿಫ್ಟ್ ಡ್ರಾಪ್ ಹೊತ್ತು. ಭಾನುವಾರ ಮಧ್ಯಾಹ್ನ ಒಂದರಿಂದ ಎರಡರ ಮಧ್ಯೆ ಮಾಡಿ, ಮೊದಲು ನಿಮ್ಮ ಗ್ರಾಫ್‌ನಲ್ಲಿ ಆ ಹೊತ್ತಿನ ಸಂಖ್ಯೆ ನೋಡಿಕೊಳ್ಳಿ. ರೀಸ್ಟಾರ್ಟ್ ಆದ ಕೂಡಲೇ ಲಾಗ್‌ನಲ್ಲಿ 829 ಇದ್ದ ಸಾಲು ಹುಡುಕಿ. 65536 ಸರಿಯಾಗಿ ಸಿಕ್ಕಿದ್ದರೆ ಅಲ್ಲಿ ಸಾಕೆಟ್ ಮಿತಿ 58,890 ಅಂತ ಇರಬೇಕು. ಸೋಮವಾರ ಏಳೂಕಾಲಿಗೇ ಕನೆಕ್ಷನ್ ಪಟ್ಟಿ ತೆಗೆದು ಐಪಿ, ಯೂಸರ್, ಕ್ಲೈಂಟ್ ಐಡಿ ಪ್ರಕಾರ ಎಣಿಸಿ ಇಟ್ಟುಕೊಳ್ಳಿ. ಒಂಬತ್ತಕ್ಕೆ ಇನ್ನೊಮ್ಮೆ ತೆಗೆಯಿರಿ. ಎರಡನೇ ಪಟ್ಟಿಯಲ್ಲಿ 1,400ಕ್ಕಿಂತ ಜಾಸ್ತಿ ಡಿವೈಸ್ ಕನೆಕ್ಷನ್ ಕಂಡರೆ ಆ ಎರಡೂ ಪಟ್ಟಿಗಳ ಜೊತೆ ಡಿವೈಸ್‌ನ ಕೀಪ್‌ಅಲೈವ್ ಎಷ್ಟು ಅಂತಲೂ ಬರೆದು ಕಳಿಸಿ, ಕೂತು ನೋಡೋಣ.